ಕೊನೆಯ ಹಾಡಿನ ಉಸಿರು

ಮನುಷ್ಯರನ್ನು ಕಾಲಕಾಲಕ್ಕೆ ಕಾಡುತ್ತ ಬಂದ ಮಹಾಪ್ರಶ್ನೆಗಳ ಸಾಲಿಗೆ ಇನ್ನೊಂದನ್ನು ಸೇರಿಸಬೇಕಾಗಿದೆ. ಓದುಗರು ದಯವಿಟ್ಟು ನೆಟ್ಟಗೆ ಕೂತುಕೊಳ್ಳಬೇಕು. ಪ್ರಶ್ನೆ ಇದು: ರೆಕಾರ್ಡ್ ಪ್ಲೇಯರಿನ ಕಾರ್ಟ್ರಿಜ್ಜನ್ನು ಸರಿಯಾದ ಕೋನಕ್ಕೆ ಕೂರಿಸಲು ಕಾಗದದ ಅಳತೆಪಟ್ಟಿ ಒಳ್ಳೆಯದೋ, ಕನ್ನಡಿಯ ಅಳತೆಪಟ್ಟಿ ಒಳ್ಳೆಯದೋ?

ಕಾರ್ಟ್ರಿಜ್ ಎಂದರೆ ದೊಡ್ಡ ಸಂಗತಿಯೇನಲ್ಲ. ಪ್ಲೇಯರಿನ ತೋಳಿನ ತುದಿಯಲ್ಲಿ, ಹಾಡುವ ಮುಳ್ಳನ್ನು ಕಚ್ಚಿಕೊಂಡು ಕೂತಿರುವ ಒಂದು ಪುಟ್ಟ ಡಬ್ಬಿ. ಅದು ಕೂದಲೆಳೆಯಷ್ಟು ಅತ್ತಿತ್ತ ತಿರುಗಿದರೆ ಪ್ರಪಂಚ ಮುಳುಗಿಹೋಗುವುದಿಲ್ಲ.

ಒಂದು ಮನೆ ಮಾತ್ರ ಮುಳುಗುವುದರಲ್ಲಿತ್ತು.

"ಅದನ್ನ ಮುಟ್ಟಬೇಡಿ!"

ರಿಪೇರಿ ಅಂಗಡಿಯವನು ಬೆಚ್ಚಿ ಕೈ ಹಿಂದೆಳೆದುಕೊಂಡ. ಅವನು ಮುಟ್ಟಲು ಹೋಗಿದ್ದು ಒಂದು ಕಾಗದವನ್ನು, ಅಷ್ಟೇ. ಮಡಿಕೆಗಳಲ್ಲಿ ಸವೆದು, ಮೂಲೆಗಳಿಗೆ ಅಂಟುಪಟ್ಟಿ ಹಚ್ಚಿಸಿಕೊಂಡ ಹಳೆಯ ಕಾಗದ. ಅದರ ಮೇಲೆ ಒಂದು ಕಮಾನು, ಎರಡು ಚುಕ್ಕೆ, ಚುಕ್ಕೆಗಳ ಸುತ್ತ ಚೌಕಳಿ ಗೆರೆಗಳು.

"ಸಾರಿ..." ಅಂಗಡಿಗೆ ಬಂದಿದ್ದ ಹೆಂಗಸಿನ ದನಿ ತಗ್ಗಿತು. "ಹರಿದುಹೋಗತ್ತೆ. ನಾನೇ ಬಿಡಿಸ್ತೀನಿ."

ಕಾಗದದ ಪಕ್ಕದಲ್ಲಿ, ಹಳೆಯ ಹೊದಿಕೆಯಲ್ಲಿ ಸುತ್ತಿದ್ದ ಪ್ಲೇಯರು ಇತ್ತು. ಅದನ್ನವಳು ಮಗುವನ್ನು ಆಸ್ಪತ್ರೆಗೆ ತಂದ ಹಾಗೆ ಎದೆಗವುಚಿಕೊಂಡು ತಂದಿದ್ದಳು. ಅವನು ಮುಚ್ಚಳ ಎತ್ತಿ, ದೀಪ ಬಗ್ಗಿಸಿ, ಭೂತಗನ್ನಡಿ ಹಿಡಿದು ತೋಳಿನ ತುದಿಯನ್ನು ನೋಡಿದ. ಇರಬೇಕಾದಲ್ಲಿ ಮುಳ್ಳೇ ಇರಲಿಲ್ಲ.

"ಇದೇನು ಇದರ ಗತಿ?"

"ನಮ್ಮತ್ತೆ ಧೂಳು ಒರೆಸಿದ್ರು. ಧೂಳಿನ ಜೊತೆ ಮುಳ್ಳನ್ನೂ ಒರೆಸಿಬಿಟ್ರು."

"ಚೊಕ್ಕಟವಾಗಿ ಒರೆಸಿದ್ದಾರೆ," ಎಂದ ಅವನು, ಮೆಚ್ಚುಗೆಯಿಂದಲೇ. "ಡಬ್ಬಿ ಸಮೇತ ಹೊಸದು ಹಾಕ್ಬೇಕು. ತರಿಸೋಕೆ ಸ್ವಲ್ಪ ದಿನ ಹಿಡಿಯತ್ತೆ."

"ತರಿಸಿ. ಆದ್ರೆ ಕೂರಿಸೋವಾಗ ಈ ಕಾಗದದ ಮೇಲೇ ಇಟ್ಟು ಕೂರಿಸ್ಬೇಕು. ಈ ಚುಕ್ಕೆಗಳ ಮೇಲೇ."

ಅವನು ಕಾಗದವನ್ನು ಮುಟ್ಟದೆ, ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಬಾಗಿ ನೋಡಿದ. "ಕಂಪ್ಯೂಟರಿಂದ ಪ್ರಿಂಟ್ ತೆಗೆದಿದ್ದು. ಯಾರು ತೆಗೆದಿದ್ದು?"

"ನಮ್ಮನೆಯವರು."

"ಇದರ ಅಳತೆ ನನಗ್ಯಾಕೋ ಅನುಮಾನ. ಅವರನ್ನೇ ಒಂದ್ಸಲ ಬರೋಕೆ ಹೇಳಿ, ಕೂತು ಮಾತಾಡಿದ್ರೆ..."

"ಅವರಿಲ್ಲ."

ಅಂಗಡಿಯಲ್ಲಿ ರಿಪೇರಿಗೆ ಬಂದ ಗಡಿಯಾರವೊಂದು ಇದ್ದಕ್ಕಿದ್ದಂತೆ ಟಿಕ್ ಎಂದಿತು. ಎಷ್ಟು ದಿನದಿಂದ ನಿಂತಿದ್ದ ಗಡಿಯಾರವೋ! ಅದಕ್ಕೂ ಇಂಥ ಹೊತ್ತೇ ಬೇಕಾಗಿತ್ತು.

"ಅವರು ಸರ್ವೆ ಆಫೀಸಲ್ಲಿ ನಕ್ಷೆ ಬರೀತಿದ್ರು," ಎಂದಳು ಅವಳು, ಕಾಗದವನ್ನು ಅಂಗೈಯಿಂದ ಸವರುತ್ತ. "ಊರಿನ ಬೀದಿ ಬೀದಿ ಅಳೆದವರು. ಯಾವತ್ತೂ ಅಳತೆ ತಪ್ಪಿದವರಲ್ಲ."

ಆಮೇಲೆ ತಲೆಯೆತ್ತಿ ಅವನ ಮುಖವನ್ನು ಮೊದಲ ಸಲ ಸರಿಯಾಗಿ ನೋಡಿದಳು. ನೋಡಿದ್ದೇ ಹುಬ್ಬು ಗಂಟಿಕ್ಕಿದಳು.

"ನಿಮ್ಮ ಕನ್ನಡಕ ಸೊಟ್ಟಗಿದೆ."

"ಆಂ?"

"ಎಡಗಡೆ ಕಡ್ಡಿ ಮೇಲೆದ್ದಿದೆ. ಇದನ್ನ ಮೂಗಿನ ಮೇಲೆ ಇಟ್ಕೊಂಡು ನೀವು ಬೇರೆಯವರ ಅಳತೆ ಮೇಲೆ ಅನುಮಾನ ಪಡ್ತೀರಾ? ಕೊಡಿ ಇಲ್ಲಿ."

ಅವನು ಕೊಡುವಷ್ಟರಲ್ಲಿ ಅವಳು ತೆಗೆದುಕೊಂಡಾಗಿತ್ತು. ಎರಡು ಬೀದಿ ಆಚೆಗೆ ಅವಳದೇ ಕನ್ನಡಕದ ಅಂಗಡಿ. ಸೊಟ್ಟ ಕನ್ನಡಕ ಕಂಡರೆ ಅವಳಿಗೆ ಕೈ ತುರಿಸುತ್ತಿತ್ತು. ಮೇಜುದೀಪದ ಬಿಸಿಗೆ ಕಡ್ಡಿಯನ್ನು ಹಿಡಿದು, ಬೆರಳಲ್ಲೇ ಬಗ್ಗಿಸಿ, ಸೆರಗಿನಲ್ಲೋ ರುಮಾಲಿನಲ್ಲೋ ಅಲ್ಲ, ಚೀಲದಲ್ಲಿ ಸದಾ ಇರುತ್ತಿದ್ದ ಮೆತ್ತನೆ ಬಟ್ಟೆಯಲ್ಲಿ ಗಾಜು ಒರೆಸಿ, ಅವನ ಮುಖಕ್ಕೆ ತೊಡಿಸಿದಳು. ಎರಡೂ ಕೈ ಅವನ ಕಿವಿಗಳ ಹಿಂದೆ ಹೋಗಿ ಕಡ್ಡಿಗಳನ್ನು ಒತ್ತಿ ನೋಡಿದವು.

ದಿನಕ್ಕೆ ಎಷ್ಟು ಜನಕ್ಕೆ ಮಾಡುವ ಕೆಲಸವಿದು! ಆದರೆ ಅವರೆಲ್ಲ ಗಿರಾಕಿಗಳು. ಇಲ್ಲಿ ಗಿರಾಕಿ ತಾನು, ಎಂಬುದು ಅವಳಿಗೆ ಆಮೇಲೆ ಹೊಳೆಯಿತು. ಬೆರಳುಗಳು ಅಲ್ಲಿಂದ ಸರಸರನೆ ವಾಪಸು ಬಂದವು.

ಅವನಿಗೆ ಪ್ರಪಂಚ ಈಗ ನೆಟ್ಟಗೆ ಕಾಣುತ್ತಿತ್ತು. ಅದರ ನಡುಮಧ್ಯೆ ಅವಳಿದ್ದಳು.

"ಕಾಗದದ ಮೇಲೇ ಕೂರಿಸ್ತೀರಲ್ಲ?"

"ಕೂರಿಸ್ತೀನಿ," ಎಂದ ಅವನು. ಆ ಹೊತ್ತಿನಲ್ಲಿ ಅಂಗಡಿಯನ್ನೇ ಬರೆದುಕೊಡಿ ಎಂದಿದ್ದರೂ ಹೂಂ ಎನ್ನುತ್ತಿದ್ದ.

*

"ಏನಂದ್ರು ಮುಳ್ಳಿನ ಡಾಕ್ಟರು?" ಬಾಗಿಲು ತೆರೆದವರೇ ಅತ್ತೆ ಕೇಳಿದರು. ಅವರು ಯಾರಿಗೂ ಹೆಸರಿಡದೆ ಬಿಟ್ಟವರಲ್ಲ.

"ಹೊಸ ಡಬ್ಬಿ ಬರೋವರೆಗೂ ಕಾಯ್ಬೇಕಂತೆ ಅತ್ತೆ."

"ಕಾಯೋಣ ಬಿಡು. ನಾವಿಬ್ರೂ ಮಾಡ್ತಿರೋದು ಅದೇ ತಾನೇ."

ಅತ್ತೆಯ ಮಾತಿಗೆ ಎರಡೂ ಕಡೆ ಅಲಗು. ಕುಯ್ದದ್ದು ಗೊತ್ತಾಗುವಷ್ಟರಲ್ಲಿ ಅವರು ಒಲೆಯ ಹತ್ತಿರ ಹೋಗಿಯಾಗಿರುತ್ತಿತ್ತು.

ಅವಳು ನಡುಮನೆಯಲ್ಲಿ ಪ್ಲೇಯರು ಇಲ್ಲದ ಮೇಜಿನ ಮುಂದೆ ಕೂತಳು. ಧೂಳಿನಲ್ಲಿ ಅದರ ನಾಲ್ಕು ಕಾಲುಗಳ ಗುರುತು ಹಾಗೇ ಇತ್ತು. ಅಷ್ಟು ಶ್ರದ್ಧೆಯಿಂದ ಒರೆಸಿದವರು ಮೇಜನ್ನು ಹೇಗೆ ಬಿಟ್ಟರೋ!

ಮೇಜಿನ ಪಕ್ಕ ಬೆತ್ತದ ಕುರ್ಚಿ. ಅದು ಗಂಡನ ಕುರ್ಚಿ.

ಅವನಿದ್ದಾಗ ಸಂಜೆ ಅಂಗಡಿ ಮುಚ್ಚಿ ಬಂದವಳಿಗೆ ಒಂದೇ ನಿಯಮ: ರೆಕಾರ್ಡಿನ ಎರಡನೇ ಬದಿ ಮುಗಿಯುವವರೆಗೆ ಯಾರೂ ಮಾತಾಡಬಾರದು. ಅವನು ಹೋದ ಮೇಲೂ ಅವಳು ನಿಯಮ ಮುರಿಯಲಿಲ್ಲ. ಅದೇ ರೆಕಾರ್ಡು, ಅದೇ ಬದಿ. ಹಾಡುಗಳು ಒಂದೊಂದಾಗಿ ಕಳೆದು, ಮುಳ್ಳು ತಟ್ಟೆಯ ನಡುವಿನ ಹತ್ತಿರ ಬಂದಾಗ ಕೊನೆಯ ಹಾಡು ಶುರುವಾಗುತ್ತಿತ್ತು. ಆಗ...

ಆಗ ಯಾರೋ ಉಸಿರಾಡುತ್ತಿದ್ದರು.

ಗಾಯಕಿಯದಲ್ಲ. ಅವಳ ಸಾಲಿನ ಅಂಚಿಗೆ ತಾಗಿಕೊಂಡು, ಹಾಡಿಗಿಂತ ಈಚೆ, ಈ ಕೋಣೆಯೊಳಗೇ ಎಂಬಂತೆ, ಮೆಲ್ಲಗೆ, ಎಳೆದು, ಸ್ವಲ್ಪ ಒರಟಾಗಿ ಒಂದು ಉಸಿರು. ಹಾಡಿನಲ್ಲಿ ದನಿ ಏರಿದ ಕಡೆಯೆಲ್ಲ ಅದೂ ಏರುತ್ತಿತ್ತು. ಕೇಳುತ್ತ ಕೇಳುತ್ತ ಮೈಮರೆತವನು ಬಿಡುವಂಥ ಉಸಿರು.

ಆ ಹೊತ್ತಿನಲ್ಲಿ ಅವಳು ಕುರ್ಚಿಯ ಕಡೆ ನೋಡುತ್ತಿರಲಿಲ್ಲ. ನೋಡಿದರೆ ಖಾಲಿ ಇರುತ್ತದೆ. ನೋಡದಿದ್ದರೆ ಖಾಲಿ ಇದೆಯೆಂದು ಹೇಳುವವರಾರು?

ಈಗ ಮುಳ್ಳಿಲ್ಲ, ಹಾಡಿಲ್ಲ. ಮನೆಯಲ್ಲಿ ಉಸಿರಾಡುವವರು ಇಬ್ಬರೇ.

*

ಕಾರ್ಟ್ರಿಜ್ ಬಂತಾ ಎಂದು ಕೇಳಲು ಅವಳು ಆಗಾಗ ಹೋಗತೊಡಗಿದಳು. ಫೋನಿನಲ್ಲೂ ಕೇಳಬಹುದಿತ್ತು. ಇಬ್ಬರಿಗೂ ಅದು ನೆನಪಾಗಲಿಲ್ಲ.

ಕಾಯುವ ಹೊತ್ತಿನಲ್ಲಿ ಅವನು ತನ್ನ ಸಲಕರಣೆಗಳನ್ನು ಮೇಜಿನ ಮೇಲೆ ಹರವಿ ತೋರಿಸಿದ. ಹೆಣ್ಣುಮಕ್ಕಳಿಗೆ ಒಡವೆ ತೋರಿಸುವ ಗಂಡಸರಿದ್ದಾರೆ. ಇವನು ಅಳತೆಪಟ್ಟಿ ತೋರಿಸಿದ.

"ಇದು ಪ್ಲಾಸ್ಟಿಕ್ಕಿಂದು. ಡಬ್ಬಿ ಜೊತೆ ಪುಕ್ಕಟೆ ಬರತ್ತೆ. ಗೆರೆಗಳು ಹಗ್ಗದಷ್ಟು ದಪ್ಪ. ಮುಳ್ಳು ಗೆರೆಯ ಈ ಕಡೆ ಇದ್ಯೋ ಆ ಕಡೆ ಇದ್ಯೋ ದೇವರೇ ಹೇಳ್ಬೇಕು."

"ಇದು?"

"ಲೋಹದ್ದು. ತುಂಬಾ ಗತ್ತಿನದು. ಆದ್ರೆ ಒಂದೇ ಒಂದು ಜಾತಿಯ ತೋಳಿಗೆ ಮಾತ್ರ. ಬೇರೆಯವರನ್ನ ಹತ್ತಿರ ಸೇರಿಸಲ್ಲ."

"ನಮ್ಮತ್ತೆ ತಂಗಿ ಹೀಗೇ," ಎಂದಳು. ಅವನು ನಕ್ಕ.

"ಕಾಗದದ್ದು ಕೆಟ್ಟದ್ದೇನಲ್ಲ, ತೆಳ್ಳಗಿರತ್ತೆ, ಮುಳ್ಳು ಜಾರಲ್ಲ. ಆದ್ರೆ ಅದನ್ನ ಮಾಡಿದವರನ್ನ ನಂಬ್ಬೇಕು. ಕನ್ನಡಿಯದ್ದಕ್ಕೆ ಯಾರನ್ನೂ ನಂಬೋದು ಬೇಡ. ನೋಡಿ..."

ಅಂಗೈಯಗಲದ ಕನ್ನಡಿ, ಮೈಮೇಲೆ ಎಳೆಯಂಥ ಗೆರೆಗಳು. ಅವನು ಬೇರೊಂದು ಪ್ಲೇಯರಿನ ತೋಳನ್ನು ಅದರ ಚುಕ್ಕೆಯ ಮೇಲೆ ಇಳಿಸಿದ. ಕೈ ನಡುಗಲಿಲ್ಲ. ಅವಳು ಭೂತಗನ್ನಡಿಯಲ್ಲಿ ಬಾಗಿ ನೋಡಿದಳು: ಮೇಲೊಂದು ಮುಳ್ಳು, ಕೆಳಗೆ ಕನ್ನಡಿಯೊಳಗೆ ಅದರ ಬಿಂಬ.

"ಎರಡೂ ಸೇರಿ ಒಂದೇ ಗೆರೆ ಆಗ್ಬೇಕು. ಮುರಿದ ಹಾಗೆ ಕಂಡ್ರೆ ಸೊಟ್ಟ ಇದೆ ಅಂತ. ಮುಳ್ಳು ಸುಳ್ಳು ಹೇಳಿದ್ರೂ ಅದರ ಬಿಂಬ ಹೇಳಲ್ಲ."

ಅವಳು ಎಷ್ಟೋ ಹೊತ್ತು ನೋಡುತ್ತಿದ್ದಳು. ಕನ್ನಡಿಯ ಇನ್ನೊಂದು ಅಂಚಿನಲ್ಲಿ, ಗೆರೆಗಳ ನಡುವೆ, ಅವನ ಕಣ್ಣು ಕಂಡಿತು. ಅದು ಮುಳ್ಳನ್ನು ನೋಡುತ್ತಿರಲಿಲ್ಲ.

ಅವಳು ನೆಟ್ಟಗಾದಳು. "ನಿಮಗೆ ಇಷ್ಟವಾದ ಹಾಡು ಯಾವುದು?"

"ಗೊತ್ತಿಲ್ಲ."

"ಗೊತ್ತಿಲ್ವಾ? ದಿನಾ ರೆಕಾರ್ಡು ಹಾಕೋರು!"

"ಮೊದಲು ಸ್ವಲ್ಪ ಕೇಳ್ತೀನಿ, ಕೊನೆಗೆ ಸ್ವಲ್ಪ ಕೇಳ್ತೀನಿ. ಸರಿ ಇದ್ರೆ ಮುಳ್ಳು ಎತ್ತಿಬಿಡ್ತೀನಿ. ಪೂರ್ತಿ ಕೇಳೋಕೆ ಅದು ನನ್ನ ರೆಕಾರ್ಡಲ್ಲ, ನನ್ನ ಪ್ಲೇಯರೂ ಅಲ್ಲ. ಮನೇಲಿ ಒಬ್ಬನೇ ಕೂತು ಕೇಳೋದು ನನಗೆ ಸರಿಹೋಗಲ್ಲ. ಯಾರಿಗೆ ಹೇಳೋದು, ಚೆನ್ನಾಗಿದೆ ಅಂತ?"

ಅವಳಿಗೆ ಫಕ್ಕನೆ ನಗು ಬಂತು, ಯಾಕೋ ಅಳುವೂ ಬಂತು. ನಗುವನ್ನು ಮಾತ್ರ ಹೊರಗೆ ಬಿಟ್ಟಳು. ಎಷ್ಟು ಕಾಲವಾಗಿತ್ತು ಹಾಗೆ ನಕ್ಕು!

ಮನೆಗೆ ಹೋಗುವ ದಾರಿಯಲ್ಲಿ ಯಾರೋ ಹಿಂದೆ ಬರುತ್ತಿದ್ದಾರೆ ಅನಿಸಿತು. ನಿಂತಳು. ಹೆಜ್ಜೆ ಸಪ್ಪಳವಿಲ್ಲ. ಬರೀ ಉಸಿರಿನ ನೆನಪು. 'ನಕ್ಕಿದ್ದು ಕೇಳಿಸ್ತಾ?' ಎಂದು ಮನಸ್ಸಿನಲ್ಲೇ ಕೇಳಿದಳು. ಉತ್ತರ ಬರಲಿಲ್ಲ. ಉತ್ತರ ಬರದಿರುವುದನ್ನು ಅವಳು ಕೋಪವೆಂದು ತಿಳಿದಳು. ಸತ್ತವರ ಪರವಾಗಿ ಕೋಪಿಸಿಕೊಳ್ಳುವುದರಲ್ಲಿ ಬದುಕಿರುವವರಷ್ಟು ನಿಪುಣರು ಯಾರೂ ಇಲ್ಲ.

*

ಡಬ್ಬಿ ಬಂದ ದಿನ ರಿಪೇರಿಯವನು ಕೊಟ್ಟ ಮಾತಿನಂತೆ ಕಾಗದವನ್ನೇ ತಟ್ಟೆಯ ಮೇಲೆ ಹಾಸಿದ. ಮೂಲೆಯಲ್ಲಿ, ಪರೀಕ್ಷೆಗೆಂದು, ಒಂದು ಗೆರೆ ಅಚ್ಚಾಗಿತ್ತು: ಹತ್ತು ಸೆಂಟಿಮೀಟರು. ಅವನು ಅಭ್ಯಾಸಬಲದಿಂದ ಅದರ ಮೇಲೆ ಸ್ಕೇಲಿಟ್ಟ.

ಹತ್ತು ಇರಲಿಲ್ಲ.

ಅವನಿಗೆ ತಕ್ಷಣ ಗೊತ್ತಾಯಿತು. ಕಾಗದದ ಅಳತೆಪಟ್ಟಿ ಪ್ರಿಂಟ್ ಮಾಡುವವರು ಮಾಡುವ ಒಂದೇ ಒಂದು ತಪ್ಪು ಇದು. ಪ್ರಿಂಟರಿಗೆ ಸುಮ್ಮನಿರಲಾಗದು, ಚಿತ್ರ ಪುಟದೊಳಗೆ ಸುಖವಾಗಿ ಕೂರಲೆಂದು ತಾನೇ ಅದನ್ನು ಚೂರು ಕುಗ್ಗಿಸುತ್ತದೆ. ಕುಗ್ಗಿಸಬೇಡ ಎಂದು ಮೊದಲೇ ಹೇಳಿರಬೇಕು. ನಕ್ಷೆಯವನು ಹೇಳಿರಲಿಲ್ಲ. ಕಮಾನು ಕುಗ್ಗಿತ್ತು, ಚುಕ್ಕೆಗಳು ಜರುಗಿದ್ದವು. ಇಷ್ಟು ದಿನ ಆ ಮನೆಯಲ್ಲಿ ಹಾಡಿದ್ದೆಲ್ಲ, ಅದರಲ್ಲೂ ತಟ್ಟೆಯ ನಡುವಿನ ಹಾಡು, ಕರಕರ ಸವೆಯುತ್ತ ಹಾಡಿರಬೇಕು.

'ಯಾವತ್ತೂ ಅಳತೆ ತಪ್ಪಿದವರಲ್ಲ...'

ಹೇಗೆ ಹೇಳುವುದು? ಯಾವ ಬಾಯಲ್ಲಿ ಹೇಳುವುದು? ಅವನು ಕಾಗದವನ್ನು ಮೊದಲಿದ್ದ ಮಡಿಕೆಯಲ್ಲೇ ಮಡಿಸಿ ಪಕ್ಕಕ್ಕಿಟ್ಟ. ಕನ್ನಡಿಯನ್ನು ತಂದ. ಮುಳ್ಳೂ ಬಿಂಬವೂ ಒಂದೇ ಗೆರೆಯಾಗುವವರೆಗೆ ಕೂರಿಸಿದ. ತನ್ನ ಬದುಕಿನಲ್ಲಿ ಅಷ್ಟು ನೇರವಾಗಿ ಯಾವುದನ್ನೂ ಕೂರಿಸಿರಲಿಲ್ಲ. ಅದು ಅವಳಿಗೆ ಕೊಡುವ ಉಡುಗೊರೆ ಎಂದುಕೊಂಡ. ಹೇಳಬೇಕಾಗಿಲ್ಲ, ಅವಳೇ ಕೇಳಿ ತಿಳಿಯುತ್ತಾಳೆ... ಮನಸ್ಸಿನಲ್ಲಿರುವುದನ್ನು ಬಾಯಲ್ಲಿ ಹೇಳದೆ ಸ್ಕ್ರೂಡ್ರೈವರಿನಲ್ಲಿ ಹೇಳುವ ಗಂಡಸರ ಜಾತಿಗೆ ಸೇರಿದವನು ಅವನು.

ಸಂಜೆ ಅವಳು ಪ್ಲೇಯರನ್ನು ಮನೆಗೆ ತಂದು ಮೇಜಿನ ಮೇಲಿದ್ದ ನಾಲ್ಕು ಗುರುತುಗಳ ಮೇಲೇ ಇಟ್ಟಳು. ಎರಡನೇ ಬದಿ ಹಾಕಿದಳು. ಕುರ್ಚಿಗೆ ಬೆನ್ನು ತಿರುಗಿಸಿ ಕೂತಳು.

ಹಾಡು ಎಂಥ ತಿಳಿಯಾಗಿತ್ತು! ಒಂದು ಮುಗಿಯಿತು, ಇನ್ನೊಂದು ಮುಗಿಯಿತು. ಅವಳು ಬೆರಳುಗಳನ್ನು ಬಿಗಿಯಾಗಿ ಹೆಣೆದುಕೊಂಡಳು. 'ಬನ್ನಿ... ನಾನು ಇಲ್ಲೇ ಇದೀನಿ.'

ಕೊನೆಯ ಹಾಡು ಶುರುವಾಯಿತು. ದನಿ ಏರಿತು.

ಉಸಿರಿರಲಿಲ್ಲ.

ಮತ್ತೆ ಏರಿತು. ಇಲ್ಲ! ಹಾಡು, ಪಿಟೀಲು, ಅಷ್ಟೇ. ಸ್ವಚ್ಛ, ಹೊಳೆಯುವ, ಯಾರೂ ಇಲ್ಲದ ಹಾಡು.

ಅವಳು ತಿರುಗಿ ಕುರ್ಚಿಯನ್ನು ನೋಡಲಿಲ್ಲ. ಬಾಗಿಲವರೆಗೆ ಓಡಿ, ಅಲ್ಲಿ ಗೋಡೆ ಹಿಡಿದು ನಿಂತುಕೊಂಡಳು.

*

"ಬಂದ್ರಾ!" ಮರುದಿನ ಅಂಗಡಿಯವನ ಮುಖ ಅರಳಿತು. "ಹೇಗಿದೆ? ಆ ಕೊನೆಯ ಹಾಡು..."

"ಏನು ಮಾಡಿದ್ರಿ?"

"ಅಂದ್ರೆ?"

"ಕಾಗದದ ಮೇಲೆ ಕೂರಿಸಿದ್ರಾ? ಹೂಂ ಅನ್ನಿ, ಇಲ್ಲ ಅನ್ನಿ."

ಅವನು ಕನ್ನಡಕ ತೆಗೆದ. ಅವಳ ಮುಖ ಮಸುಕಾಗಿ ಕಂಡರೆ ಹೇಳುವುದು ಸುಲಭ ಎನಿಸಿರಬೇಕು. "ಇಲ್ಲ. ಕನ್ನಡಿ ಬಳಸಿದೆ. ಮೇಡಂ, ಆ ಪ್ರಿಂಟು ಕುಗ್ಗಿಹೋಗಿದೆ, ಅದರ ಮೇಲೆ ಕೂರಿಸಿದ್ರೆ ಕೊನೆಗೆ ಬರೋ ಹಾಡು ಒಡೆಯತ್ತೆ, ಒಂಥರಾ ಬುಸ್ ಅಂತ..."

"ಬುಸ್ ಅಂತ." ಅವಳು ಆ ಶಬ್ದವನ್ನು ತಿರುಗಿಸಿ ಹೇಳಿದಳು. "ನಾನು ಕೇಳಿದ್ನಾ ನಿಮ್ಮನ್ನ, ಸರಿ ಮಾಡಿ ಅಂತ? ಇದ್ದ ಹಾಗೆ ಮಾಡಿ ಅಂದೆ. ನೀವು ಆಯ್ತು ಅಂದ್ರಿ!"

"ನಿಮಗೆ ಒಳ್ಳೆಯದಾಗ್ಲಿ ಅಂತ..."

"ನಮ್ಮನೇಲಿ ಒಬ್ಬರಿದ್ರು." ಅವಳ ದನಿ ಏರಲಿಲ್ಲ, ಏರಿದ್ದರೆ ಅವನು ತಡೆದುಕೊಳ್ಳಬಹುದಿತ್ತು. "ಆ ಹಾಡಿನಲ್ಲಿ ಅವರ ಉಸಿರು ಕೇಳಿಸ್ತಿತ್ತು. ದಿನಾ ಬರ್ತಿದ್ರು. ನಿನ್ನೆ ಬರಲಿಲ್ಲ. ನೀವು ಕಳಿಸಿಬಿಟ್ರಿ."

ಅವಳು ಹೋದಳು. ಅವನು ಕನ್ನಡಕ ಕೈಯಲ್ಲಿ ಹಿಡಿದುಕೊಂಡು ಮಸುಕಾದ ಬಾಗಿಲನ್ನೇ ನೋಡುತ್ತ ನಿಂತ.

*

ರಜೆಯ ದಿನ ಮಧ್ಯಾಹ್ನ ಬಾಗಿಲು ತೆರೆದದ್ದು ಅತ್ತೆ.

"ರಿಪೇರಿ ಅಂಗಡಿಯಿಂದ ಬಂದೆ ಅಮ್ಮಾ."

"ಓ, ಮುಳ್ಳಿನ ಡಾಕ್ಟರು! ನನ್ನ ಸೊಸೇನ ಅಳಿಸಿದವನು ನೀನೇ ಏನಪ್ಪಾ? ಬಾ ಒಳಗೆ. ನಿಂತು ಬಯ್ದ್ರೆ ನನಗೆ ಮಂಡಿ ನೋವು. ಕೂತ್ಕೊಂಡು ಬಯ್ತೀನಿ."

ಒಳಗೆ ಬಂದವನು ಹತ್ತಿರದ ಬೆತ್ತದ ಕುರ್ಚಿಯ ಕಡೆ ಹೆಜ್ಜೆಯಿಟ್ಟ.

"ಅಲ್ಲಿ ಬೇಡ!" ಅಡುಗೆಮನೆಯ ಬಾಗಿಲಿನಿಂದ ಅವಳ ದನಿ.

ಅವನು ನಿಂತೇ ಇದ್ದ. ಜೇಬಿನಿಂದ ಬಟ್ಟೆಯಲ್ಲಿ ಸುತ್ತಿದ್ದ ಒಂದು ಚಿಕ್ಕ ವಸ್ತು ತೆಗೆದ. "ನಿಮ್ಮ ಪ್ಲೇಯರಿನ ತೋಳಿನ ತುದೀಲಿ ಡಬ್ಬಿ ಕೂರೋ ತಲೆ ಇದೆಯಲ್ಲ, ಅದನ್ನ ಕಳಚಿ ಬೇರೆ ಹಾಕಬಹುದು. ಇದು ಇನ್ನೊಂದು ತಲೆ. ಇದಕ್ಕೂ ಒಂದು ಡಬ್ಬಿ ಇದೆ. ಇದನ್ನ... ಅವರ ಕಾಗದದ ಮೇಲೆ ಕೂರಿಸಿಕೊಡ್ತೀನಿ. ಅವತ್ತೇ ಮಾಡ್ಬೇಕಿತ್ತು. ಕಾಗದ ಕೊಡ್ತೀರಾ?"

ಅವಳು ಕಾಗದವನ್ನು ತಂದು ತಾನೇ ಬಿಡಿಸಿ ಹಾಸಿದಳು.

ಅವನು ಕೆಲಸ ಶುರುಮಾಡಿದ. ಚುಕ್ಕೆಯ ಮೇಲೆ ಮುಳ್ಳನ್ನು ಇಳಿಸಿ, ನೋಡಿ, ಎತ್ತಿ, ಸ್ಕ್ರೂ ಸಡಿಲಿಸಿ, ಮತ್ತೆ ಇಳಿಸಿ. ಆ ಕುಗ್ಗಿದ ಕಮಾನಿಗೆ ಕೂದಲೆಳೆಯಷ್ಟೂ ಆಚೀಚೆಯಾಗದ ಹಾಗೆ. ಹಣೆಯಲ್ಲಿ ಬೆವರು.

"ತಪ್ಪನ್ನ ಇಷ್ಟು ಸರಿಯಾಗಿ ಯಾವತ್ತೂ ಮಾಡಿರಲಿಲ್ಲ," ಎಂದು ಗೊಣಗಿದ.

ಅವಳು ಅವನ ಕೈಯನ್ನು ನೋಡುತ್ತಿದ್ದಳು. ಇನ್ನೊಬ್ಬ ಗಂಡಸಿನ ತಪ್ಪನ್ನು ಒಡೆಯದ ಹಾಗೆ ಎತ್ತಿಕೊಳ್ಳುತ್ತಿದ್ದ ಕೈ. ಅವಳ ಎದೆಯಲ್ಲಿ ಏನೋ ಜರುಗಿತು, ಒಂದು ಸ್ಕ್ರೂನಷ್ಟು.

ಮುಗಿಯಿತು. ಅವನೇ ಮುಳ್ಳನ್ನು ಕೊನೆಯ ಹಾಡಿನ ಮೇಲೆ ಇಳಿಸಿದ. ದನಿ ಏರಿತು...

ಬಂತು. ಮೆಲ್ಲಗೆ, ಎಳೆದು, ಒರಟಾಗಿ.

ಅವಳು ಕಣ್ಣು ಮುಚ್ಚಿದಳು. ರಿಪೇರಿಯವನು ತಲೆ ತಗ್ಗಿಸಿದ, ಇನ್ನೊಬ್ಬರ ಮಲಗುವ ಕೋಣೆಗೆ ತಿಳಿಯದೆ ಕಾಲಿಟ್ಟವನ ಹಾಗೆ. ಮೂವರೂ ಅಲುಗಲಿಲ್ಲ. ಕೋಣೆಯಲ್ಲಿ ನಾಲ್ವರಿದ್ದರು.

"ಇದಾ?" ಎಂದರು ಅತ್ತೆ.

ಅವಳು ಕಣ್ಣು ತೆರೆದಳು.

"ಇದನ್ನಾ ನೀನು ಅವನು ಅಂದ್ಕೊಂಡು ದಿನಾ ಕೂತಿರ್ತಿದ್ದಿದ್ದು? ನನ್ನ ಮಗ ಇಷ್ಟು ಮರ್ಯಾದೆಯಾಗಿ ಉಸಿರಾಡಿದ್ದು ಯಾವಾಗ? ಅವನ ಗೊರಕೆಗೆ ಪಕ್ಕದ ಮನೆಯೋರು ಗೋಡೆ ಬಡೀತಿದ್ರು! ಹಾಡು ಅಂತ ಕೂರೋನು, ಎರಡನೇ ಹಾಡಿಗೆ ಬಾಯಿ ಬಿಟ್ಕೊಂಡು ನಿದ್ದೆ. ಕೊನೆಯ ಹಾಡನ್ನ ಅವನು ಒಂದು ದಿನಾನೂ ಕೇಳಿದ್ದು ನಾ ಕಾಣೆ!"

ಅವಳ ಬಾಯಿಂದ ಒಂದು ಸದ್ದು ಹೊರಟಿತು. ಅಳು ಎಂದುಕೊಂಡು ಅವನು ಮುಂದೆ ಬಂದ. ಅಳುವಲ್ಲ. ಅವಳು ನಗುತ್ತಿದ್ದಳು, ಗೋಡೆಗೊರಗಿ, ಹೊಟ್ಟೆ ಹಿಡಿದುಕೊಂಡು. ಅತ್ತೆಯೂ ನಕ್ಕರು. ನಗುತ್ತ ನಗುತ್ತ ಇಬ್ಬರ ಕಣ್ಣಲ್ಲೂ ನೀರು ಬಂತು, ಆಮೇಲೆ ನಗು ಹೋಗಿ ನೀರಷ್ಟೇ ಉಳಿಯಿತು.

"ನನಗೆ ಗೊತ್ತಿತ್ತು ಅತ್ತೆ," ಎಂದಳು ಕೊನೆಗೆ.

"ಏನು?"

"ದಿನಾ ಜನರ ಕಣ್ಣು ಅಳೆಯೋಳು ನಾನು. ಅವರು ಹೋದ ಮೇಲೆ ಒಂದಿನ ಆ ಗೆರೆ ಮೇಲೆ ಸ್ಕೇಲಿಟ್ಟೆ." ಅವಳು ರಿಪೇರಿಯವನ ಕಡೆ ತಿರುಗಿದಳು. "ನಿಮಗಿಂತ ಎಷ್ಟೋ ಮುಂಚೆ ಗೊತ್ತಿತ್ತು. ಅಳತೆ ತಪ್ಪಿದೆ, ಅದು ಬರೀ ಮುಳ್ಳಿನ ಸದ್ದು ಅಂತ."

"ಮತ್ತೆ ಅವತ್ತು ಯಾಕೆ ಅಷ್ಟು..."

"ಅವರು ಸರಿಯಾಗಿ ಮಾಡಿದ್ದೆಲ್ಲಾ ಆಫೀಸಿನ ಗೋಡೆ ಮೇಲಿದೆ. ಈ ತಪ್ಪು ಒಂದೇ ನನ್ನ ಪಾಲಿಗೆ ಬಂದಿದ್ದು. ಅದನ್ನೂ ನೀವು ತಿದ್ದಿಬಿಟ್ರಿ ಅನ್ನಿಸ್ತು."

ಹಾಡು ಮುಗಿದು ಮುಳ್ಳು ಖಾಲಿ ಗೆರೆಯಲ್ಲಿ ಸುತ್ತುತ್ತಿತ್ತು. ಅವನು ಅದನ್ನು ಎತ್ತಿದ. ನೇರವಾದ ತಲೆಯನ್ನು ಮೇಜಿನ ಮೇಲಿಟ್ಟ, ಸೊಟ್ಟ ತಲೆಯನ್ನು ತೋಳಿನಲ್ಲೇ ಬಿಟ್ಟ.

"ಎರಡೂ ನಿಮ್ಮವೇ. ಯಾವತ್ತು ಯಾವುದು ಬೇಕೋ ನೀವೇ ಹಾಕ್ಕೊಳ್ಳಿ. ನಾನು ಇನ್ನು ಏನನ್ನೂ ತಿದ್ದಲ್ಲ."

ಹೊರಡುವಾಗ ಅವನು ಕುರ್ಚಿಯನ್ನು ಬಳಸಿಕೊಂಡು ಹೋದ, ಅದರಲ್ಲಿ ಯಾರೋ ಕೂತಿದ್ದಾರೆ ಎಂಬಂತೆ. ಅವಳದನ್ನು ಗಮನಿಸಿದಳು.

"ಅತ್ತೆ, ಇಷ್ಟು ವರ್ಷ ಒರೆಸಿದ್ದೀರಿ. ಅವತ್ತೇ ಯಾಕೆ ಮುಳ್ಳು..."

"ಒಲೆ ಮೇಲೆ ಹಾಲಿಟ್ಟಿದ್ದೆ," ಎಂದು ಅತ್ತೆ ಎದ್ದು ಹೋದರು. ಒಲೆ ಹೊತ್ತಿಸಿರಲೇ ಇಲ್ಲ.

*

ಅಂಗಡಿಗೆ ಅವಳು ಮತ್ತೆ ಬಂದಾಗ ಬೇಸಿಗೆ ಕಾಲಿಟ್ಟಿತ್ತು. ರಿಪೇರಿಯವನು ತಲೆಯೆತ್ತಿದ. ಕನ್ನಡಕ ಮೂಗಿನ ಮೇಲೆ ಒಂದು ಕಡೆ ವಾಲಿತ್ತು.

"ಮತ್ತೆ ಸೊಟ್ಟಗಾಗಿದೆ," ಎಂದಳು.

"ಅದರ ಮೇಲೆ ಕೂತುಬಿಟ್ಟೆ."

"ಸುಳ್ಳು. ಕೂತ್ರೆ ಮೂಗಿನ ಹತ್ತಿರ ಬಗ್ಗತ್ತೆ. ಇದು ಕೈಯಲ್ಲಿ ಬಗ್ಗಿಸಿದ್ದು."

ಅವನು ಕೆಂಪಗಾದ. "ನಿಮ್ಮ ಅಂಗಡಿಗೆ ಬರೋಕೆ ಒಂದು ನೆಪ ಬೇಕಿತ್ತು. ಬಗ್ಗಿಸ್ಕೊಂಡೆ. ಆಮೇಲೆ ಬರೋಕೆ ಧೈರ್ಯ ಆಗಲಿಲ್ಲ. ಬೇರೆಯವರ ಹತ್ತಿರ ಸರಿ ಮಾಡಿಸೋಕೂ ಮನಸ್ಸಾಗಲಿಲ್ಲ. ಅವತ್ತಿಂದ ಹೀಗೇ ಹಾಕ್ಕೊಂಡಿದೀನಿ."

"ತಲೆನೋವು ಬರಲ್ವಾ?"

"ತುಂಬಾ."

ಅವಳು ಕೈಚಾಚಿ ಕನ್ನಡಕ ತೆಗೆದುಕೊಂಡಳು. ದೀಪದ ಬಿಸಿಗೆ ಹಿಡಿದಳು. ಕೆಲಸ ಮಾಡುತ್ತಲೇ, ಅವನ ಕಡೆ ನೋಡದೆ ಮಾತಾಡಿದಳು.

"ಮೊದಮೊದಲು ಸೊಟ್ಟ ತಲೆನೇ ಹಾಕಿ ಕೇಳ್ದೆ. ಅತ್ತೆ ಪಕ್ಕದಲ್ಲಿ ಕೂತು ಗೊರಕೆ ಹೊಡೆದು ತೋರಿಸೋರು, ಅವನು ಹೀಗೆ ಕಣೇ, ಹೀಗೆ, ಅಂತ. ನಿನ್ನೆ ನೇರ ಇರೋದು ಹಾಕ್ದೆ. ಕೊನೆಯ ಹಾಡು ಪೂರ್ತಿ ಕೇಳ್ದೆ. ಹಾಡು ಮುಗಿದ ಮೇಲೆ ಪಿಟೀಲು ಒಂದೇ ಒಂದು ಸ್ವರ ಎಳೆದು ಬಿಡತ್ತೆ. ಇಷ್ಟು ದಿನ ಅದು ಇತ್ತು ಅಂತಲೇ ನನಗೆ ಗೊತ್ತಿರಲಿಲ್ಲ. ಉಸಿರು ಅದನ್ನ ಮುಚ್ಚಿಬಿಟ್ಟಿತ್ತು. ಎಷ್ಟು ಚೆನ್ನಾಗಿತ್ತು! ಹೇಳೋಣ ಅಂತ ಪಕ್ಕಕ್ಕೆ ತಿರುಗಿದೆ."

ಅವಳು ಕಡ್ಡಿಯನ್ನು ಬೆಳಕಿಗೆ ಹಿಡಿದು, ನೇರವಾಯಿತೇ ಎಂದು ನೋಡಿದಳು.

"ಕುರ್ಚಿ ಖಾಲಿ ಇದೆ," ಎಂದಳು ಅವಳು. "ನೋಡಿದೆ."

ಕನ್ನಡಕವನ್ನು ಅವನ ಮುಖಕ್ಕೆ ತೊಡಿಸಿದಳು. ಬೆರಳುಗಳು ಕಿವಿಗಳ ಹಿಂದೆ ಹೋದವು. ಈ ಸಲ ವಾಪಸು ಬರಲು ಅವಸರ ಮಾಡಲಿಲ್ಲ.

"ನೀವು ಒಂದು ಹಾಡನ್ನೂ ಪೂರ್ತಿ ಕೇಳಿಲ್ಲ ಅಂದಿದ್ರಿ. ಸಂಜೆ ಬನ್ನಿ. ಒಂದು ಬದಿ ಪೂರ್ತಿ ಕೇಳಿ. ಮಧ್ಯದಲ್ಲಿ ಮುಳ್ಳು ಎತ್ತೋ ಹಾಗಿಲ್ಲ."

"ಬರ್ತೀನಿ." ಅವನ ದನಿ ನಡುಗಿತು, ಮುಳ್ಳು ಇಳಿಸುವಾಗಲೂ ನಡುಗದ ಮನುಷ್ಯ. "ಆ ಇನ್ನೊಂದು ತಲೆ... ಅದನ್ನ ಬಿಸಾಡಬೇಡಿ."

"ಬಿಸಾಡಲ್ಲ. ಒಂದೊಂದು ದಿನ ಬೇಕಾಗಬಹುದು ನನಗೆ."

"ಬೇಕಾದಾಗ ಹೇಳಿ. ಆ ಹೊತ್ತು ನಾನು ಹೊರಗೆ ಸುತ್ತಾಡ್ಕೊಂಡು ಬರ್ತೀನಿ."

"ಬೇಡ." ಅವಳು ತಲೆಯಾಡಿಸಿದಳು. "ಕೂತಿರಿ. ಅವರೂ ನಿಮ್ಮನ್ನ ನೋಡ್ಲಿ."

ವರ್ಷ ತುಂಬುವ ಮೊದಲು ಅವರು ಮದುವೆಯಾದರು. ಕಾರ್ಟ್ರಿಜ್ ಕೂರಿಸಲು ಕನ್ನಡಿಯ ಅಳತೆಪಟ್ಟಿಯೇ ಒಳ್ಳೆಯದು.